ಬಿದ್ದುಹೋಗುವ ಹಲ್ಲಿಗೆ ಏಕಿಷ್ಟು ಉಪಚಾರ?

ಹಾಲುಹಲ್ಲು ಬಿದ್ದ ದಿನ ಮನೆಯ ಮಕ್ಕಳಿಗೆ ಒಂದು ಸಣ್ಣ ಹಬ್ಬ. ಬಿದ್ದ ಹಲ್ಲನ್ನು ಸಗಣಿಯ ಉಂಡೆಯೊಳಗಿಟ್ಟು ಮಾಡಿನ ಮೇಲಕ್ಕೆಸೆದು, ಹೊಸ ಹಲ್ಲು ಬೇಗ ಬರಲೆಂದು ಬೇಡಿಕೊಳ್ಳುವ ವಾಡಿಕೆ ಕನ್ನಡನಾಡಿನ ಎಷ್ಟೋ ಊರುಗಳಲ್ಲಿ ಉಂಟು. ಎಸೆಯುವ ಮುನ್ನ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದವರಿಗೆ ಒಂದು ಸಂಗತಿ ಕಂಡಿರಲೇಬೇಕು. ಮೇಲೆ ಅಕ್ಕಿಕಾಳಿನಂತೆ ಹೊಳೆಯುವ ತಲೆ. ಕೆಳಗೆ ಒರಟು ಅಂಚಿನ ಒಂದು ಟೊಳ್ಳು. ಬೇರೆಂಬುದೇ ಇಲ್ಲ. ಹಾಲುಹಲ್ಲಿಗೆ ಬೇರಿರುವುದಿಲ್ಲವೆಂಬ ನಂಬಿಕೆ ಹುಟ್ಟಿದ್ದು ಇದರಿಂದಲೇ ಇರಬೇಕು. ಬೇರಿಲ್ಲದ ಹಲ್ಲಿಗೆ ಬೇರಿನ ಚಿಕಿತ್ಸೆ ಎಂದರೆ ನಗು ಬರುವುದೂ ಸಹಜವೇ.

ಆದರೆ ಬೇರು ಇತ್ತು. ಚಿಗುಳಿಯಷ್ಟು ಪುಟ್ಟದಾದ ಆ ದವಡೆಹಲ್ಲಿಗೆ ತನ್ನ ತಲೆಯ ಎತ್ತರವನ್ನೂ ಮೀರಿಸುವ ಉದ್ದದ ಎರಡು ಮೂರು ಬೇರುಗಳು ಎಲುಬಿನೊಳಗೆ ಇಳಿದಿದ್ದವು. ಕೆಳಗಿನಿಂದ ಏರಿಬಂದ ಶಾಶ್ವತ ಹಲ್ಲಿಗೆ ದಾರಿ ಬಿಡುತ್ತ, ವರ್ಷಗಟ್ಟಲೆ ಒಂದಿಷ್ಟೊಂದಿಷ್ಟೇ ಕರಗಿ, ಅವು ಶರೀರದೊಳಗೇ ಲೀನವಾಗಿಹೋದವು. ಆಧಾರ ತಪ್ಪಿದ ತಲೆ ಅಲ್ಲಾಡಿತು, ಬಿತ್ತು. ಹೀಗೆ ತಾನಾಗಿ ಕರಗಿಹೋಗಬೇಕಾದ ಬೇರಿನೊಳಕ್ಕೆ ರೋಗ ಹೊಕ್ಕರೆ ಏನು ಮಾಡಬೇಕೆಂಬುದೇ ಮಕ್ಕಳ ದಂತವೈದ್ಯರ ದೊಡ್ಡ ತೊಡಕು.

ಮಕ್ಕಳ ದಂತವೈದ್ಯರ ಕೊಠಡಿಗಳಲ್ಲಿ ಮತ್ತೆ ಮತ್ತೆ ನಡೆಯುವ ಒಂದು ಸಂಭಾಷಣೆಯನ್ನು ಊಹಿಸಿಕೊಳ್ಳಬಹುದು. ಐದು ವರ್ಷದ ಹುಡುಗಿ. ಕೆಳದವಡೆಯ ಬಲಬದಿಯ ಕೊನೆಯ ಹಲ್ಲಿನಲ್ಲಿ ಕಪ್ಪು ಗುಳಿ. ಪಕ್ಕದ ವಸಡಿನ ಮೇಲೆ ಮೊಡವೆಯಂಥ ಒಂದು ಕೀವಿನ ಬೊಕ್ಕೆ. ಮೂರು ರಾತ್ರಿಗಳಿಂದ ಮಗು ನಿದ್ರಿಸಿಲ್ಲ, ಮನೆಯವರೂ ನಿದ್ರಿಸಿಲ್ಲ. ಜೊತೆಯಲ್ಲಿ ಬಂದ ಅಜ್ಜಿಯದು ನೇರವಾದ ಮಾತು:

“ಹೇಗೂ ಬಿದ್ದುಹೋಗುವ ಹಲ್ಲು ತಾನೆ ಡಾಕ್ಟರೆ? ಇದಕ್ಕೆ ಮೂರು ಸಲ ಏಕೆ ಓಡಾಡಿಸುತ್ತೀರಿ? ಕಿತ್ತುಬಿಡಿ, ಮಗು ನೆಮ್ಮದಿಯಾಗಿ ಮಲಗಲಿ.”

“ನಾಳೆ ಬೀಳುವ ಹಲ್ಲಾಗಿದ್ದರೆ ನೀವು ಹೇಳುವ ಮುಂಚೆಯೇ ಕೀಳುತ್ತಿದ್ದೆ ಅಮ್ಮ. ಇದು ಬೀಳುವುದು ಇವಳಿಗೆ ಹನ್ನೊಂದು ತುಂಬುವ ಹೊತ್ತಿಗೆ. ಇನ್ನೂ ಆರು ವರ್ಷ ಇವಳು ಇದರಲ್ಲೇ ಅಗಿಯಬೇಕು.”

ಅಜ್ಜಿಯ ಮಾತಿನಲ್ಲಿ ತಪ್ಪೇನೂ ಇಲ್ಲ. ಮುಂಬಾಚಿಯ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುವುದನ್ನು ಎಲ್ಲರೂ ಕಂಡಿದ್ದಾರೆ. ಹಿಂದಿನ ದವಡೆಹಲ್ಲುಗಳೂ ಹಾಗೆಯೇ ಎಂದು ಎಣಿಸುತ್ತಾರೆ. ಇಪ್ಪತ್ತು ಹಾಲುಹಲ್ಲುಗಳಲ್ಲಿ ಎರಡನೆಯ ದವಡೆಹಲ್ಲುಗಳು ನಾಲ್ಕೂ ಹತ್ತರಿಂದ ಹನ್ನೆರಡನೆಯ ವರ್ಷದವರೆಗೆ ಇರತಕ್ಕವು. ಅಗಿಯುವುದಲ್ಲದೆ ಅವಕ್ಕೆ ಇನ್ನೊಂದು ಕೆಲಸವೂ ಉಂಟು. ಆರನೆಯ ವರ್ಷದ ಸುಮಾರಿಗೆ ಮೊದಲ ಶಾಶ್ವತ ದವಡೆಹಲ್ಲು ಹುಟ್ಟುವುದು ಇದರ ಬೆನ್ನಿಗೇ, ಇದರ ಹಿಂಬದಿಯನ್ನು ಆನಿಕೊಂಡೇ. ಮುಂದಿನದನ್ನು ಮೊದಲೇ ಕಿತ್ತರೆ ಹೊಸದು ಮುಂದಕ್ಕೆ ಜಾರಿ ಜಾಗವನ್ನು ಕಬಳಿಸುತ್ತದೆ. ಕೆಳಗೆ ಕಾದಿರುವ ಹಲ್ಲಿಗೆ ಮೇಲೇರಲು ಎಡೆಯಿಲ್ಲದೆ ವಕ್ರವಾಗಿ ಹುಟ್ಟುತ್ತದೆ, ಇಲ್ಲವೆ ಎಲುಬಿನೊಳಗೇ ಸಿಕ್ಕಿಬೀಳುತ್ತದೆ.

ಹಾಗೆಂದು ಕೀವಿನ ಹಲ್ಲನ್ನು ಇದ್ದಂತೆಯೇ ಬಿಡುವುದು ಇನ್ನೂ ಕೆಡುಕು. ಹಾಲುದವಡೆಯ ಬೇರುಗಳು ಬುಟ್ಟಿಯ ಕಡ್ಡಿಗಳಂತೆ ಅಗಲವಾಗಿ ಚಾಚಿಕೊಂಡಿರುತ್ತವೆ. ಆ ಕಡ್ಡಿಗಳ ನಡುವೆ, ಗೂಡಿನಲ್ಲಿ ಮೊಟ್ಟೆಯಿದ್ದ ಹಾಗೆ, ಮುಂದೆ ಬರಬೇಕಾದ ಶಾಶ್ವತ ಹಲ್ಲಿನ ಮೊಳಕೆ ಕುಳಿತಿರುತ್ತದೆ. ಹಾಲುಹಲ್ಲಿನ ಕೀವು ಬೇರಿನ ತುದಿಯಲ್ಲಿ ನಿಲ್ಲುವುದಕ್ಕಿಂತ ಹೆಚ್ಚಾಗಿ ಬೇರುಗಳ ನಡುವಣ ಈ ಗೂಡಿಗೇ ಇಳಿಯುತ್ತದೆ. ಏಕೆಂದರೆ ತಿರುಳಿನ ಕೋಣೆಯ ನೆಲದಿಂದ ಅಲ್ಲಿಗೆ ಸೂಕ್ಷ್ಮವಾದ ಕಂಡಿಗಳಿರುತ್ತವೆ. ಮೊಳಕೆಯ ಹಲ್ಲಿಗೆ ಎನಾಮಲ್ ಕಟ್ಟುತ್ತಿರುವ ಕಾಲದಲ್ಲಿ ಕೀವು ಅದನ್ನು ಮುಟ್ಟಿತೆಂದರೆ, ನಾಲ್ಕೈದು ವರ್ಷಗಳ ಮೇಲೆ ಹುಟ್ಟುವ ಹೊಸ ಹಲ್ಲು ಹಳದಿ ಕಂದು ಕಲೆಗಳನ್ನೂ ಗುಳಿಗಳನ್ನೂ ಹೊತ್ತೇ ಬರುತ್ತದೆ. ದಂತವೈದ್ಯರು ಅದಕ್ಕೆ ಟರ್ನರ್ ಹಲ್ಲೆಂದು ಹೆಸರಿಟ್ಟಿದ್ದಾರೆ. ಹಾಲುಹಲ್ಲಿನ ಅಲಕ್ಷ್ಯಕ್ಕೆ ದಂಡ ತೆರುವುದು ಆಮೇಲಿನ ಹಲ್ಲು.

ಕೀಳಲೂ ಬಾರದು, ಬಿಡಲೂ ಬಾರದು ಎಂದಾಗ ಉಳಿಯುವ ದಾರಿ ಒಂದೇ: ಒಳಗೆ ಹೊಕ್ಕ ರೋಗವನ್ನು ಹೊರಹಾಕುವುದು. ರೋಗವೆಂದರೆ ಇಲ್ಲಿ ಏನು? ಕನ್ನಡದ ‘ಹುಳುಕುಹಲ್ಲು’ ಎಂಬ ಮಾತಿನ ಒಳಗೇ ಒಂದು ಹುಳು ಅಡಗಿದೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಎಣಿಸಿರುವ ದಂತರೋಗಗಳಲ್ಲಿ ‘ಕ್ರಿಮಿದಂತಕ’ವೂ ಒಂದು. ಬ್ಯಾಬಿಲೋನಿಯದವರ ಮಣ್ಣಿನ ಹಲಗೆಗಳಲ್ಲಿಯೂ ಹಲ್ಲು ಕೊರೆಯುವ ಹುಳುವಿನ ಪ್ರಸ್ತಾಪವಿದೆ. ನೆಲಗುಳ್ಳದ ಬೀಜದ ಹೊಗೆ ಹಿಡಿಸಿ ‘ಹುಳು ಬೀಳಿಸುವ’ ಮದ್ದು ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ತನ್ನ ಹೆಸರಾಂತ ಗ್ರಂಥದಲ್ಲಿ, ಸೂಕ್ಷ್ಮದರ್ಶಕವನ್ನು ಹಿಡಿದು ಹುಡುಕಿದರೂ ಅಂಥ ಹುಳು ತನಗೆ ಕಾಣಲಿಲ್ಲವೆಂದು ಬರೆದ. ಬರ್ಲಿನ್ನಿನಲ್ಲಿ ನೆಲಸಿದ್ದ ಅಮೆರಿಕದ ಮಿಲ್ಲರ್ ಎಂಬಾತ, ಬಾಯಿಯ ಸೂಕ್ಷ್ಮಜೀವಿಗಳು ಹಿಟ್ಟು ಸಕ್ಕರೆಗಳನ್ನು ಹುಳಿಯಿಸಿ ಹುಟ್ಟಿಸುವ ಆಮ್ಲವೇ ಹಲ್ಲನ್ನು ಕರಗಿಸುವುದೆಂದು 1890ರ ತನ್ನ ಗ್ರಂಥದಲ್ಲಿ ವಿವರಿಸಿದ. ಅಂತೂ ಹುಳು ಇತ್ತು. ಹಳಬರು ಎಣಿಸಿದ್ದಕ್ಕಿಂತ ತೀರ ಚಿಕ್ಕದಾಗಿತ್ತು, ಅಷ್ಟೆ. ‘ಕ್ರಿಮಿ’ ಎಂಬ ಹಳೆಯ ಶಬ್ದವೇ ಇಂದಿನ ‘ಕ್ರಿಮಿನಾಶಕ’ದಲ್ಲಿ ಮತ್ತೆ ಕೆಲಸಕ್ಕೆ ನಿಂತಿರುವುದು ಭಾಷೆಯ ವಿನೋದಗಳಲ್ಲಿ ಒಂದು.

ಈ ಸೂಕ್ಷ್ಮಜೀವಿಗಳೇ ತಿರುಳಿನ ಸಾವಿಗೆ ಕಾರಣವೇ, ಅಥವಾ ತಿರುಳು ತೆರೆದುಕೊಂಡರೆ ತಾನಾಗಿ ಸಾಯುತ್ತದೆಯೇ ಎಂಬ ಸಂದೇಹ ಬಹುಕಾಲ ಇತ್ತು. ಅದು ಬಗೆಹರಿದದ್ದು 1965ರಲ್ಲಿ. ಅಮೆರಿಕದಲ್ಲಿ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಸ್‌ಜೆರಾಲ್ಡ್ ಎಂಬ ಮೂವರು ಎರಡು ಬಗೆಯ ಇಲಿಗಳನ್ನು ತೆಗೆದುಕೊಂಡರು. ಕೆಲವು ಸಾಮಾನ್ಯ ಇಲಿಗಳು; ಕೆಲವು ಹುಟ್ಟಿನಿಂದಲೂ ಒಂದೂ ಸೂಕ್ಷ್ಮಜೀವಿಯ ಸೋಂಕಿಲ್ಲದೆ ಸಾಕಿದವು. ಎಲ್ಲದರ ದವಡೆಹಲ್ಲಿಗೂ ತಿರುಳು ಕಾಣುವವರೆಗೆ ತೂತು ಕೊರೆದು, ಮುಚ್ಚದೆ ಹಾಗೆಯೇ ಬಿಟ್ಟರು. ಸಾಮಾನ್ಯ ಇಲಿಗಳ ತಿರುಳು ಸತ್ತು ಕೀವುಗಟ್ಟಿತು. ಸೋಂಕಿಲ್ಲದ ಇಲಿಗಳಲ್ಲಿ ತೂತಿನೊಳಕ್ಕೆ ಆಹಾರ ತುರುಕಿಕೊಂಡಿದ್ದರೂ ತಿರುಳು ಬದುಕಿಯೇ ಇತ್ತು. ಗಾಯದ ಮೇಲೆ ಡೆಂಟೀನಿನ ಹೊಸ ಸೇತುವೆಯೂ ಕಟ್ಟಿಕೊಂಡಿತು. ಕೊಲ್ಲುವುದು ತೂತಲ್ಲ, ತೂತಿನಿಂದ ಒಳಹೊಕ್ಕವರು ಎಂದು ಅಂದಿನಿಂದ ನಿಶ್ಚಯವಾಯಿತು.

ಮಕ್ಕಳ ಹಲ್ಲಿನಲ್ಲಿ ಈ ಪ್ರವೇಶ ಬಲು ಸುಲಭ. ಹಾಲುಹಲ್ಲಿನ ಎನಾಮಲಿನ ದಪ್ಪ ಶಾಶ್ವತ ಹಲ್ಲಿನದರ ಸುಮಾರು ಅರ್ಧ, ಡೆಂಟೀನೂ ತೆಳು, ತಿರುಳಿನ ಕೋಣೆ ಮಾತ್ರ ಮನೆಗೆ ಮೀರಿದ ಹಜಾರದಂತೆ ದೊಡ್ಡದು. ರಾತ್ರಿ ಬಾಯಲ್ಲಿ ಸಕ್ಕರೆ ಹಾಲಿನ ಬಾಟಲಿಯಿಟ್ಟುಕೊಂಡು ಮಲಗುವ ಮಗುವಿಗೆ ಎಷ್ಟು ಬೇಗ ಕೋಟೆ ಮುರಿಯುತ್ತದೆಂಬುದನ್ನು ಹೇಳಬೇಕಾಗಿಲ್ಲ. ಕೋಣೆಯ ತಿರುಳು ಮಾತ್ರ ಕೆಟ್ಟು ಬೇರಿನ ತಿರುಳು ಜೀವಂತವಾಗಿದ್ದರೆ ಮೇಲಿನದನ್ನಷ್ಟೇ ಕತ್ತರಿಸಿ ತೆಗೆದು ಉಳಿದುದನ್ನು ಕಾಪಾಡಬಹುದು. ನಮ್ಮ ಹುಡುಗಿಯದು ಆ ಹಂತ ದಾಟಿದ ಹಲ್ಲು. ಬೇರಿನ ನಾಳಗಳೊಳಗೂ ತಿರುಳು ಸತ್ತಿದೆ.

ನಾಳಗಳೆಂದ ಕೂಡಲೆ ಕೊಳವೆಯ ಚಿತ್ರ ಮನಸ್ಸಿಗೆ ಬರುತ್ತದೆ. ಆ ಚಿತ್ರ ಸರಿಯಲ್ಲ. ಜೂರಿಚ್ಚಿನ ವಾಲ್ಟರ್ ಹೆಸ್ ಎಂಬ ವಿದ್ವಾಂಸ ಕಿತ್ತ ಹಲ್ಲುಗಳ ಒಳಕ್ಕೆ ರಬ್ಬರನ್ನು ಒತ್ತಿ ತುಂಬಿ, ಗಟ್ಟಿಮಾಡಿ, ಅನಂತರ ಹಲ್ಲನ್ನೇ ಕರಗಿಸಿ, ಒಳಗಿನ ಟೊಳ್ಳಿನ ಅಚ್ಚನ್ನು ಹೊರತೆಗೆದ. 1925ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಹಾಲುಹಲ್ಲುಗಳ ಭಾಗವನ್ನು ಅರ್ನ್‌ಸ್ಟ್ ಜ್ಯೂರ್ಖರ್ ಎಂಬಾತ ಬರೆದಿದ್ದಾನೆ. ಹಾಲುಹಲ್ಲಿನ ನಾಳ ಕೊಳವೆಗಿಂತ ಹೆಚ್ಚಾಗಿ ರಿಬ್ಬನ್ನಿನಂತೆ ಚಪ್ಪಟೆ. ಪಕ್ಕಪಕ್ಕದ ನಾಳಗಳ ನಡುವೆ ಜಾಲದಂತೆ ಸಂದುಗಳು, ಕವಲುಗಳು. ಮಗು ಬೆಳೆದಂತೆ ಒಳಗೋಡೆಗೆ ಹೊಸ ಡೆಂಟೀನು ಮೆತ್ತಿಕೊಂಡು ಈ ಜಾಲ ಇನ್ನಷ್ಟು ಜಟಿಲವಾಗುತ್ತದೆ. ಅದೂ ಸಾಲದೆಂಬಂತೆ, ಬೇರು ಕರಗತೊಡಗಿದ ಮೇಲೆ ನಾಳದ ಕೊನೆ ಎಲ್ಲಿ ಎಂಬುದೇ ಸ್ಥಿರವಲ್ಲ.

ಇಂಥ ಜಾಗವನ್ನು ಸೂಜಿಯಂಥ ಅರದಿಂದ ಉಜ್ಜಿ ಶುದ್ಧಮಾಡುವುದು ಸಂದುಗೊಂದಿನ ಹಳೆಯ ಪೇಟೆಯನ್ನು ಒಂದೇ ಕೋಲುಕಸಬರಿಕೆಯಿಂದ ಗುಡಿಸಿದಂತೆ. ಅರ ಹೋಗುವುದು ರಾಜಬೀದಿಯಲ್ಲಿ ಮಾತ್ರ. ದೊಡ್ಡವರ ಹಲ್ಲಾದರೆ ಗೋಡೆಯನ್ನು ಸಾಕಷ್ಟು ಕೆತ್ತಿ ದಾರಿಯನ್ನಾದರೂ ಅಗಲಿಸಬಹುದು. ತೆಳುವಾದ, ಬಾಗಿದ ಹಾಲುಬೇರನ್ನು ಹಾಗೆ ಕೆತ್ತಿದರೆ ಗೋಡೆ ತೂತಾಗಿ ಅರದ ತುದಿ ಕೆಳಗಿನ ಮೊಳಕೆಯತ್ತ ಹೊರಡುತ್ತದೆ. 2000ದಿಂದೀಚೆಗೆ ಬಾಗುವ ನಿಕಲ್-ಟೈಟೇನಿಯಂ ಅರಗಳು ಮಕ್ಕಳ ಹಲ್ಲಿಗೂ ಬಂದಿವೆ. ಕೆಲಸ ಬೇಗ ಮುಗಿಯುತ್ತದೆ, ಕುರ್ಚಿಯಲ್ಲಿ ಅಳುವ ಹೊತ್ತು ಕಡಿಮೆಯಾಗುತ್ತದೆ. ಆದರೆ ಸಂದುಗಳೊಳಕ್ಕೆ ಅವೂ ನುಗ್ಗಲಾರವು. ಅರ ಮುಟ್ಟದೆಡೆಯನ್ನು ಮುಟ್ಟಬಲ್ಲುದು ನೀರು. ಹಾಲುಹಲ್ಲಿನ ಬೇರಿನ ಚಿಕಿತ್ಸೆಯೆಂಬುದು ಮುಖ್ಯವಾಗಿ ತೊಳೆಯುವ ಕೆಲಸ.

ತೊಳೆಯುವ ನೀರಿನ ಕಥೆ ಹಲ್ಲಿನಿಂದ ಬಹುದೂರದಲ್ಲಿ, ಯುದ್ಧಭೂಮಿಯಲ್ಲಿ ಆರಂಭವಾಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಗಾಯಗಳು ಕೊಳೆತು ಕೈಕಾಲುಗಳನ್ನು ಕತ್ತರಿಸುವುದು ನಿತ್ಯದ ಮಾತಾಗಿತ್ತು. ಫ್ರಾನ್ಸಿನ ಕಾಂಪ್ಯೆನ್ ಊರಿನ ಆಸ್ಪತ್ರೆಯಲ್ಲಿ 1915ರಲ್ಲಿ ಆಂಗ್ಲ ರಸಾಯನಶಾಸ್ತ್ರಜ್ಞ ಹೆನ್ರಿ ಡೇಕಿನ್, ಅದಾಗಲೇ ನೊಬೆಲ್ ಪುರಸ್ಕಾರ ಪಡೆದಿದ್ದ ಶಸ್ತ್ರವೈದ್ಯ ಅಲೆಕ್ಸಿ ಕ್ಯಾರೆಲನೊಡನೆ ಸೇರಿ ಒಂದು ದ್ರಾವಣವನ್ನು ರೂಪಿಸಿದ. ನೂರಕ್ಕೆ ಅರ್ಧದಷ್ಟು ಸೋಡಿಯಂ ಹೈಪೋಕ್ಲೋರೈಟ್. ಬಟ್ಟೆಯ ಕಲೆ ತೆಗೆಯುವ ಬ್ಲೀಚ್ ನೀರಿನಲ್ಲಿರುವುದೂ ಇದೇ ವಸ್ತು. ಪಟ್ಟಣದ ನಲ್ಲಿಯ ನೀರಿನಲ್ಲಿ ಒಮ್ಮೊಮ್ಮೆ ಮೂಗಿಗೆ ಬಡಿಯುವ ವಾಸನೆಯೂ ಇದರ ಬಂಧುವಿನದೇ. ಗಾಯದೊಳಕ್ಕೆ ರಬ್ಬರಿನ ನಳಿಗೆಗಳನ್ನಿಳಿಸಿ ಮತ್ತೆ ಮತ್ತೆ ಈ ದ್ರಾವಣವನ್ನು ಹರಿಸುತ್ತಿದ್ದರು. ಏಕೆಂದರೆ ಸತ್ತ ಮಾಂಸವನ್ನೂ ಕೀವನ್ನೂ ಮುಟ್ಟಿದೊಡನೆ ಅದರ ಶಕ್ತಿ ಉಡುಗುತ್ತದೆ. ಹೊಸದು ಬರುತ್ತಲೇ ಇರಬೇಕು. ಎರಡು ದಶಕಗಳ ಮೇಲೆ ಇದೇ ವಸ್ತು ದಂತವೈದ್ಯರ ಕೈಗೆ ಬಂದು ಹಲ್ಲಿನ ನಾಳವನ್ನು ಹೊಕ್ಕಿತು. ಗಾಯಕ್ಕೆ ಕಂಡ ನಿಯಮವೇ ಇಲ್ಲಿಗೂ ಹೊಂದಿತು: ಒಮ್ಮೆ ತುಂಬಿಬಿಟ್ಟರೆ ಸಾಲದು, ಹರಿಯುತ್ತಿರಬೇಕು.

ಇದರ ದೊಡ್ಡ ಗುಣವೆಂದರೆ ಕ್ರಿಮಿಗಳನ್ನು ಕೊಲ್ಲುವುದರೊಡನೆ ಸತ್ತ ತಿರುಳನ್ನೂ ಕರಗಿಸುವುದು. ದೊಡ್ಡ ದೋಷವೂ ಅದರಲ್ಲಿಯೇ ಇದೆ. ಸತ್ತ ಮಾಂಸ ಬದುಕಿರುವ ಮಾಂಸ ಎಂಬ ಭೇದವನ್ನು ಅದು ಎಣಿಸದು. ಬೇರಿನ ತುದಿ ದಾಟಿ ಎಲುಬಿನೊಳಕ್ಕೆ ಚಿಮ್ಮಿದರೆ ತಡೆಯಲಾರದ ನೋವು, ಮುಖದ ಊತ. ಮಗುವಿನಲ್ಲಾದರೆ ಕೆಳಗಿರುವ ಮೊಳಕೆಗೂ ಅಪಾಯ. ಆದ್ದರಿಂದ ದೊಡ್ಡವರ ಹಲ್ಲಿಗೆ ನೂರಕ್ಕೆ ಐದರ ಮೇಲ್ಪಟ್ಟ ದ್ರಾವಣವನ್ನೂ ಬಳಸುವುದುಂಟಾದರೆ, ಹಾಲುಹಲ್ಲಿಗೆ ನೂರಕ್ಕೆ ಒಂದರದು ಸಾಕೆಂಬುದು ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿಯ ಸೂಚನೆಗಳಲ್ಲಿ ಕಾಣುವ ಪ್ರಮಾಣ. ಬರಿಯ ಉಪ್ಪುನೀರಿನಿಂದ ತೊಳೆದರೆ ಕ್ರಿಮಿಗಳು ಸಾಕಷ್ಟು ತಗ್ಗುವುದಿಲ್ಲವೆಂದೂ ಅದೇ ಸೂಚನೆ ಹೇಳುತ್ತದೆ. ಹೈಪೋಕ್ಲೋರೈಟಿಗೆ ಅಂಜುವವರು ಕ್ಲೋರ್‌ಹೆಕ್ಸಿಡೀನ್ ಎಂಬ ಇನ್ನೊಂದು ದ್ರಾವಣವನ್ನು ಆರಿಸಿಕೊಳ್ಳುತ್ತಾರೆ. ಅದು ಸೌಮ್ಯ, ಕ್ರಿಮಿಗಳನ್ನು ಕೊಲ್ಲುತ್ತದೆ, ಆದರೆ ಸತ್ತ ತಿರುಳನ್ನು ಕರಗಿಸಲಾರದು. ಎರಡರಿಂದಲೂ ಲಾಭ ಪಡೆಯೋಣವೆಂದು ಒಂದರ ಮೇಲೊಂದನ್ನು ಹಾಯಿಸಿದರೆ ಕಂದು ಬಣ್ಣದ ಗಸಿ ಕಟ್ಟಿ ನಾಳದ ಸಂದುಗಳನ್ನೇ ಮುಚ್ಚಿಬಿಡುತ್ತದೆ. ನಡುವೆ ಉಪ್ಪುನೀರಿನಿಂದ ತೊಳೆಯಲೇಬೇಕು.

ಈಗ ಮತ್ತೆ ಆ ಹುಡುಗಿಯ ಬಳಿಗೆ ಬರಬಹುದು. ಎಕ್ಸ್-ರೇ ಚಿತ್ರದಲ್ಲಿ ಬೇರುಗಳ ನಡುವೆ ಸಣ್ಣ ಕಪ್ಪು ನೆರಳಿದೆ, ಬೇರುಗಳು ಮಾತ್ರ ಇನ್ನೂ ಕರಗಿಲ್ಲ. ವೈದ್ಯರು ವಸಡಿಗೆ ಅರಿವಳಿಕೆಯ ಮದ್ದು ಚುಚ್ಚುತ್ತಾರೆ. ಹಲ್ಲಿನ ಸುತ್ತ ರಬ್ಬರಿನ ತೆಳುಹಾಳೆಯೊಂದನ್ನು ಬಿಗಿಯುತ್ತಾರೆ. ನ್ಯೂಯಾರ್ಕಿನ ಬಾರ್ನಮ್ ಎಂಬಾತ 1864ರಲ್ಲಿ ಕಂಡುಹಿಡಿದ ಈ ಸಾಧನ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಎಂಜಲು ಹಲ್ಲಿನೊಳಕ್ಕೆ ಬಾರದು, ಕಹಿನೀರು ಮಗುವಿನ ಗಂಟಲಿಗಿಳಿಯದು. ಕೋಣೆಯ ಚಾವಣಿಯನ್ನು ತೆರೆದ ಕೂಡಲೆ ಬರುವ ದುರ್ವಾಸನೆಯೇ ಒಳಗಿನ ಸ್ಥಿತಿಯನ್ನು ಹೇಳಿಬಿಡುತ್ತದೆ. ಅರ ಅಷ್ಟಿಷ್ಟು ಆಡುತ್ತದೆ. ಅನಂತರ ಪಕ್ಕದಲ್ಲಿ ಕಂಡಿಯಿರುವ ಮೊಂಡು ಸೂಜಿಯಿಂದ ದ್ರಾವಣ. ಸೂಜಿ ನಾಳದಲ್ಲಿ ಬಿಗಿಯಾಗಿ ಕೂರಬಾರದು, ತುದಿಯವರೆಗೆ ಇಳಿಯಬಾರದು, ಹೆಬ್ಬೆರಳಿನ ಬಲ ಹಾಕಬಾರದು. ಮಗು ತಲೆಯನ್ನು ಕೊಂಚ ಅಲ್ಲಾಡಿಸಿದರೂ ಕೈ ಹಿಂದಕ್ಕೆ ಬರಬೇಕು. ಮಕ್ಕಳ ದಂತವೈದ್ಯದಲ್ಲಿ ಅರ್ಧ ಶಾಸ್ತ್ರವಾದರೆ ಉಳಿದರ್ಧ ತಾಳ್ಮೆ ಎನ್ನುವುದು ಈ ಗಳಿಗೆಯನ್ನು ಕಂಡವರಿಗೆ ತಿಳಿಯುತ್ತದೆ. ಕಾಗದದ ಸಣ್ಣ ಬತ್ತಿಗಳನ್ನಿಳಿಸಿ ನಾಳವನ್ನು ಒಣಗಿಸುತ್ತಾರೆ. ಬತ್ತಿ ಒದ್ದೆಯಾಗಿ, ಕೀವು ತಾಕಿ ಬಂದರೆ ಅಂದಿಗೆ ತುಂಬುವ ಮಾತಿಲ್ಲ. ಒಳಗೆ ಮದ್ದಿಟ್ಟು ಮುಚ್ಚಿ, ಇನ್ನೊಮ್ಮೆ ಬರಹೇಳುತ್ತಾರೆ. ಅಜ್ಜಿಯ ‘ಓಡಾಟ’ಕ್ಕೆ ಕಾರಣ ಇದು.

ಒಳಗಿಡುವ ಆ ಮದ್ದಿಗೂ ಒಂದು ಚರಿತ್ರೆಯಿದೆ. ಬಕ್ಲಿ ಎಂಬ ಅಮೆರಿಕದ ದಂತವೈದ್ಯ 1904ರಲ್ಲಿ ಫಾರ್ಮೊಕ್ರೆಸಾಲನ್ನು ಬಳಕೆಗೆ ತಂದ. ಫಾರ್ಮಾಲ್ಡಿಹೈಡೂ ಕ್ರೆಸಾಲೂ ಬೆರೆತ ಘಾಟಿನ ದ್ರವ ಅದು. ಹತ್ತಿಯುಂಡೆಗೆ ಸೋಕಿಸಿ ಕೋಣೆಯಲ್ಲಿಟ್ಟರೆ ಅದರ ಆವಿಯೇ ನಾಳಕ್ಕಿಳಿದು ಕ್ರಿಮಿಗಳನ್ನು ಕೊಲ್ಲುತ್ತದೆ. ಇಪ್ಪತ್ತನೆಯ ಶತಮಾನದ ಬಹುಭಾಗ ಲೋಕದ ಮಕ್ಕಳ ಹಾಲುಹಲ್ಲುಗಳು ಇದರ ಆಳ್ವಿಕೆಯಲ್ಲಿದ್ದವು. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ತಜ್ಞರು ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದ ಮೇಲೆ ವೈದ್ಯರ ಮನಸ್ಸು ಅದರಿಂದ ಹೆಚ್ಚು ಹೆಚ್ಚಾಗಿ ದೂರ ಸರಿಯಿತು. ಹತ್ತಿಯುಂಡೆಯ ಹನಿಯಿಂದ ಮಗುವಿಗೆ ಕೇಡಾಯಿತೆಂದು ಯಾರೂ ಸ್ಥಾಪಿಸಲಿಲ್ಲ. ಆದರೂ ಬೇರೆ ಮದ್ದುಗಳು ಕೈಯಲ್ಲಿರುವಾಗ ಸಂದೇಹದ ವಸ್ತುವನ್ನು ಮಗುವಿನ ಬಾಯಲ್ಲಿಡುವುದೇತಕ್ಕೆ? ಈ ಎಚ್ಚರ ಉಚಿತವಾದುದೇ.

ಶುದ್ಧವಾದ ನಾಳವನ್ನು ಏನಿನಿಂದ ತುಂಬಬೇಕು? ದೊಡ್ಡವರ ಬೇರಿಗೆ ತುಂಬುವ ಗಟ್ಟಾಪರ್ಚ ಇಲ್ಲಿ ಸಲ್ಲದು. ಅದು ಕರಗುವ ವಸ್ತುವಲ್ಲ. ಬೇರು ಕರಗಿದರೂ ಕಡ್ಡಿ ಉಳಿದು ಹೊಸ ಹಲ್ಲಿಗೆ ಅಡ್ಡಬರುತ್ತದೆ. ಬೇರಿನೊಡನೆಯೇ ಕರಗುವ, ಆದರೆ ಅಲ್ಲಿಯವರೆಗೆ ಕ್ರಿಮಿಗಳನ್ನು ತಡೆಯುವ ವಸ್ತು ಬೇಕು. ಬಹುಕಾಲದಿಂದ ನಡೆದುಬಂದದ್ದು ಸತುವಿನ ಆಕ್ಸೈಡನ್ನು ಯೂಜಿನಾಲಿನೊಡನೆ ಕಲಸಿದ ಮುದ್ದೆ. ಯೂಜಿನಾಲ್ ಎಂದರೆ ಲವಂಗದೆಣ್ಣೆಯ ಸಾರ. ಹಲ್ಲುನೋವಿಗೆ ಲವಂಗ ಕಚ್ಚಿಸುವ ನಮ್ಮ ಅಜ್ಜಿಯರು ಇದನ್ನು ಕೇಳಿದರೆ ಸಂತೋಷಪಟ್ಟಾರು. ಆದರೆ ಈ ಮುದ್ದೆ ಬೇರಿಗಿಂತ ನಿಧಾನವಾಗಿ ಕರಗುತ್ತದೆ. ಹಲ್ಲು ಬಿದ್ದ ಮೇಲೂ ಅದರ ಚೂರುಗಳು ವಸಡಿನಲ್ಲಿ ಉಳಿಯುವುದುಂಟು. ಹೀಗಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಅಯೊಡೊಫಾರ್ಮಿನೊಡನೆ ಬೆರೆಸಿದ ಹಳದಿ ಮುದ್ದೆ ಬಂದಿತು. ಕ್ಯಾಲ್ಸಿಯಂ ಹೈಡ್ರಾಕ್ಸೈಡೂ ಅಪರಿಚಿತವಲ್ಲ. ಎಲೆಯಡಿಕೆಯ ಸುಣ್ಣವೇ ಅದು. ತುದಿ ದಾಟಿ ಹೊರಬಿದ್ದರೂ ಬೇಗ ಕರಗುತ್ತದೆ. ಒಮ್ಮೊಮ್ಮೆ ಬೇಗ ಎಂದರೆ ತೀರ ಬೇಗ: ಬೇರು ಇನ್ನೂ ಇರುವಾಗಲೇ ನಾಳ ಬರಿದಾಗುತ್ತದೆ. ಒಂದು ನಿಧಾನ, ಇನ್ನೊಂದು ಅವಸರ. ಬೇರಿನ ನಡಿಗೆಗೆ ಸರಿಯಾಗಿ ಹೆಜ್ಜೆ ಹಾಕುವ ಮುದ್ದೆಗಾಗಿ ಎರಡನ್ನೂ ಬೆರೆಸಿ ನೋಡುತ್ತಿದ್ದಾರೆ.

ಬೇರು ಅದಾಗಲೇ ಅರ್ಧ ಕರಗಿರುವ ಹಲ್ಲಿನ ಮಾತು ಬೇರೆ. ಅಲ್ಲಿ ಅರಕ್ಕೂ ಕೆಲಸವಿಲ್ಲ, ದ್ರಾವಣವನ್ನು ತಡೆಯುವ ತುದಿಯೂ ಇಲ್ಲ. ಜಪಾನಿನ ನಿಗಾಟಾ ವಿಶ್ವವಿದ್ಯಾಲಯದವರು ಇದಕ್ಕೊಂದು ಉಪಾಯ ಹೂಡಿದರು. ಮೆಟ್ರೊನಿಡಜೋಲ್, ಸಿಪ್ರೊಫ್ಲಾಕ್ಸಸಿನ್, ಮಿನೊಸೈಕ್ಲಿನ್ ಎಂಬ ಮೂರು ಜೀವಿರೋಧಕಗಳ ಮುದ್ದೆಯನ್ನು ನಾಳದ ಬಾಯಲ್ಲಿಟ್ಟು ಮುಚ್ಚಿಬಿಡುವುದು. ಮದ್ದು ತಾನೇ ಒಳಗಿಳಿದು ಕೆಲಸಮಾಡುತ್ತದೆ. ಮಿನೊಸೈಕ್ಲಿನ್ ಹಲ್ಲಿಗೆ ಬಣ್ಣ ಹಿಡಿಸುವ ಟೆಟ್ರಸೈಕ್ಲಿನ್ ಮನೆತನದ್ದಾದ್ದರಿಂದ ಅದರ ಬದಲು ಕ್ಲಿಂಡಮೈಸಿನನ್ನು ಹಾಕುವವರೂ ಇದ್ದಾರೆ. 2020ರ ಅಮೆರಿಕದ ಮಾರ್ಗಸೂಚಿ ಈ ಉಪಾಯವನ್ನು ಬೇರು ಕರಗಿರುವ, ಸುಮಾರು ಒಂದು ವರ್ಷ ಮಾತ್ರ ಉಳಿಸಿಕೊಳ್ಳಬೇಕಾದ ಹಲ್ಲಿಗೆ ಮೀಸಲಿಟ್ಟಿದೆ. ಬೇರು ಗಟ್ಟಿಯಿದ್ದರೆ ಹಳೆಯ ತೊಳೆಯುವ ಮಾರ್ಗವೇ ಮೇಲೆಂದಿದೆ. ಕೆಲಸ ಸುಲಭವೆಂದು ಎಲ್ಲ ಹಲ್ಲಿಗೂ ಜೀವಿರೋಧಕದ ಮುದ್ದೆ ಮೆತ್ತುವುದು ವಿವೇಕವಾಗದು. ಬೇರು ಬಹುಪಾಲು ಕರಗಿ, ಎಲುಬು ತಿಂದುಹೋಗಿ, ಹಲ್ಲು ಅಲ್ಲಾಡುತ್ತಿದ್ದರೆ ಅಜ್ಜಿಯ ಮಾತೇ ಸರಿ. ಆಗ ಕಿತ್ತು, ಜಾಗವನ್ನು ಕಾಯಲು ತಂತಿಯ ಒಂದು ಕೊಕ್ಕೆಯನ್ನು ಕೂರಿಸುತ್ತಾರೆ.

ತುಂಬಿದ ಹಲ್ಲಿಗೆ ಕೊನೆಗೆ ಉಕ್ಕಿನ ಟೋಪಿ. ಸತ್ತ ಹಲ್ಲಿನ ಗೋಡೆಗಳು ತೆಳು, ಒಡೆಯುತ್ತವೆ. ಬಿರುಕಿನಿಂದ ಎಂಜಲು ಮತ್ತೆ ಒಳಸೇರಿದರೆ ತೊಳೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ತುಕ್ಕು ಹಿಡಿಯದ ಉಕ್ಕಿನ ಸಿದ್ಧ ಟೋಪಿಗಳನ್ನು 1950ರಲ್ಲಿ ಮಕ್ಕಳ ಹಲ್ಲಿಗೆ ಬಳಕೆಗೆ ತಂದವನು ಅಮೆರಿಕದ ಹಂಫ್ರಿ. ಚೆಲುವಿಗೆ ಕೊರತೆಯೆಂದು ತಾಯಂದಿರು ಹಿಂಜರಿಯುತ್ತಾರೆ. ಮಕ್ಕಳು ಮಾತ್ರ ಬೆಳ್ಳಿಯ ಹಲ್ಲೆಂದು ಶಾಲೆಯಲ್ಲಿ ಬಾಯಿ ತೆರೆದು ತೋರಿಸಿಕೊಂಡು ಬರುತ್ತಾರೆ.

ಆರು ತಿಂಗಳಿಗೊಮ್ಮೆ ಹುಡುಗಿ ಮತ್ತೆ ಬರಬೇಕು. ಬೊಕ್ಕೆ ಮಾಯಿತೆ, ಎಕ್ಸ್-ರೇ ಚಿತ್ರದ ನೆರಳಿನಲ್ಲಿ ಮತ್ತೆ ಎಲುಬು ತುಂಬಿತೆ, ಬೇರು ಅಕಾಲದಲ್ಲಿ ಕರಗುತ್ತಿದೆಯೆ ಎಂದು ನೋಡಬೇಕು. ಕೀವು ಮರಳಿದರೆ ಹಟ ಹಿಡಿಯದೆ ಹಲ್ಲನ್ನು ಕಿತ್ತುಬಿಡುವುದೇ ಕ್ರಮ. ಮರಳದಿದ್ದರೆ, ಹತ್ತು ಹನ್ನೊಂದು ವರ್ಷದ ಹೊತ್ತಿಗೆ ಬೇರುಗಳೂ ಅವುಗಳೊಳಗಿನ ಮುದ್ದೆಯೂ ಕರಗಿ, ಹಲ್ಲು ಊಟದ ನಡುವೆಯೋ ಆಟದ ನಡುವೆಯೋ ಟೋಪಿಯ ಸಮೇತ ಬಿದ್ದುಹೋಗುತ್ತದೆ. ಮಾಡಿನ ಮೇಲೆ ಎಸೆಯುವವರು ಅದನ್ನೂ ಎಸೆಯಬಹುದು.